‘ಆಗುವುದಿಲ್ಲ ಸಾಬ್’ ಎಂದು ಹೇಳಬಲ್ಲವರು

ಸೇನೆಯಲ್ಲಿ ನಾಯಕತ್ವದ ಬಗ್ಗೆ ಏನು ಕಲಿತಿರಿ ಎಂದು ನಿವೃತ್ತಿಯ ನಂತರ ಹಲವರು ನನ್ನನ್ನು ಕೇಳಿದ್ದಾರೆ. ಶಿಸ್ತು, ಧೈರ್ಯ, ದಿಟ್ಟ ಆದೇಶ ಎಂಬ ಉತ್ತರ ಅವರ ಮನಸ್ಸಿನಲ್ಲಿ ಮೊದಲೇ ಇರುತ್ತದೆ. ಅವೆಲ್ಲ ಬೇಕು, ನಿಜ. ಆದರೆ ಇಷ್ಟು ವರ್ಷ ಸಮವಸ್ತ್ರ ತೊಟ್ಟ ನಾನು ಅಧಿಕಾರಿಗಳನ್ನು ಅಳೆಯುವುದು ಒಂದೇ ಗಜಕಡ್ಡಿಯಿಂದ. ಅವರೆದುರು ನಿಂತು ಒಬ್ಬ ಹವಾಲ್ದಾರ್ ‘ಇದು ಆಗುವುದಿಲ್ಲ ಸಾಬ್’ ಎಂದು ಹೆದರದೆ ಹೇಳಬಲ್ಲನೇ?

ಈ ಮಾತು ಕೇಳಿಸದೆ ಹೋದರೆ ಏನಾಗುತ್ತದೆ ಎಂಬುದನ್ನು ನಮ್ಮ ಸೇನೆ 1962ರ ಚೀನಾ ಯುದ್ಧದಲ್ಲಿ, ಈಶಾನ್ಯ ಗಡಿಯ ನಮ್ಕಾ ಚೂ ನದಿಯ ದಂಡೆಯಲ್ಲಿ ಕಂಡಿದೆ. ನದಿಯಾಚೆಯ ಥಗ್ಲಾ ಬೆಟ್ಟಸಾಲಿನಿಂದ ಚೀನೀಯರನ್ನು ಹೊರದಬ್ಬಬೇಕೆಂಬ ಆದೇಶ ದೆಹಲಿಯಿಂದ ಬಂದಿತ್ತು. ಅಲ್ಲಿದ್ದದ್ದು 7ನೇ ಬ್ರಿಗೇಡ್. ಆ ಎತ್ತರದ ಚಳಿಯಲ್ಲಿ ಎಷ್ಟೋ ಜವಾನರ ಮೈಮೇಲಿದ್ದದ್ದು ಹತ್ತಿಯ ಬಟ್ಟೆ. ಫಿರಂಗಿ ಬಲ ಇಲ್ಲವೆನ್ನುವಷ್ಟು ಕಡಿಮೆ. ವಿಮಾನದಿಂದ ಇಳಿಸಿದ ಸಾಮಗ್ರಿಯಲ್ಲಿ ಬಹುಪಾಲು ಕಾಡಿನ ಪಾಲಾಗುತ್ತಿತ್ತು. ಅದರ ಕಮಾಂಡರ್ ಬ್ರಿಗೇಡಿಯರ್ ಜಾನ್ ದಳವಿ ಇದನ್ನೆಲ್ಲ ಮೇಲಕ್ಕೆ ತಿಳಿಸಿದರು. ಅವರಿಗಿಂತ ಮೇಲಿನ ಕೋರ್ ಕಮಾಂಡರ್ ಉಮ್ರಾವ್ ಸಿಂಗ್ ಕೂಡ ಆಕ್ಷೇಪಿಸಿದರು. ಆಗ ಮೇಲಿನವರು ಯೋಜನೆಯನ್ನು ಬದಲಿಸಲಿಲ್ಲ, ಉಮ್ರಾವ್ ಸಿಂಗ್ ಅವರನ್ನೇ ಆ ಹೊಣೆಯಿಂದ ಬಿಡಿಸಿ ಬಿ.ಎಂ. ಕೌಲ್ ಅವರಿಗೆ ವಹಿಸಿದರು. ಅಕ್ಟೋಬರ್ 20ರ ಬೆಳಗ್ಗೆ ಚೀನೀ ಸೇನೆ ಮುಗಿಬಿತ್ತು. ಬ್ರಿಗೇಡ್ ನುಚ್ಚುನೂರಾಯಿತು, ದಳವಿ ಸೆರೆಯಾದರು. ಆ ಜವಾನರು ಧೈರ್ಯದಲ್ಲಿ ಕಡಿಮೆಯಿರಲಿಲ್ಲ. ಇದನ್ನು ಎಷ್ಟು ಸಲ ಹೇಳಿದರೂ ನನಗೆ ಸಾಲದು.

ಇದಕ್ಕೆ ಹದಿನಾಲ್ಕು ವರ್ಷ ಹಿಂದೆ ಇದೇ ಸೇನೆ ಬೇರೆ ರೀತಿಯಲ್ಲಿ ನಡೆದುಕೊಂಡಿತ್ತು. 1948ರ ಸೆಪ್ಟೆಂಬರ್‌ನಲ್ಲಿ ಕಾಶ್ಮೀರದಿಂದ ಲಡಾಖ್‌ಗೆ ಹೋಗುವ ದಾರಿಯ ಜೋಜಿಲಾ ಕಣಿವೆಯ ಮೇಲೆ ನಮ್ಮವರು ನಡೆಸಿದ ದಾಳಿ ವಿಫಲವಾಯಿತು. ಬಂಡೆಗಳ ಮರೆಯಲ್ಲಿದ್ದ ಪಾಕಿಸ್ತಾನದ ಕಡೆಯವರ ಮೆಷಿನ್‌ಗನ್‌ಗಳ ಎದುರು ಪದಾತಿದಳ ಮುಂದುವರಿಯುವಂತಿರಲಿಲ್ಲ. ಮೇಜರ್ ಜನರಲ್ ತಿಮ್ಮಯ್ಯ ‘ಮತ್ತೆ ಹಾಗೆಯೇ ನುಗ್ಗಿ’ ಎನ್ನಲಿಲ್ಲ, ದಾಳಿಯ ವಿಧಾನವನ್ನೇ ಬದಲಿಸಿದರು. 7ನೇ ಲೈಟ್ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕ್‌ಗಳ ಗೋಪುರಗಳನ್ನು ಕಳಚಿ, ಗುಟ್ಟು ರಟ್ಟಾಗದಂತೆ ಕಣಿವೆಯ ಬುಡದ ಬಾಲ್ತಾಲ್‌ಗೆ ಸಾಗಿಸಲಾಯಿತು. ಸೇನೆಯ ಎಂಜಿನಿಯರ್ ದಳವಾದ ಮದ್ರಾಸ್ ಸ್ಯಾಪರ್‌ಗಳು ಹೇಸರಗತ್ತೆ ನಡೆಯುವ ದಾರಿಯನ್ನು ಟ್ಯಾಂಕ್ ಹತ್ತುವಷ್ಟು ಅಗಲ ಮಾಡಿದರು. ನವೆಂಬರ್ 1ರಂದು 11,000 ಅಡಿಗೂ ಎತ್ತರದ ಆ ಕಣಿವೆಗೆ ಟ್ಯಾಂಕ್‌ಗಳು ನುಗ್ಗಿದಾಗ ತಿಮ್ಮಯ್ಯ ಎಲ್ಲಕ್ಕಿಂತ ಮುಂದಿದ್ದ ಟ್ಯಾಂಕ್‌ನಲ್ಲಿದ್ದರು. ನಾವು ಹೆಮ್ಮೆಯಿಂದ ನೆನೆಯುವುದು ಈ ಕೊನೆಯ ಸಂಗತಿಯನ್ನು. ನನ್ನ ಮಟ್ಟಿಗೆ ಅದಕ್ಕಿಂತ ದೊಡ್ಡದು, ಸೋತು ಮರಳಿದವರ ವರದಿಯನ್ನು ಅವರು ಹೇಡಿತನವೆಂದು ತಳ್ಳಿಹಾಕದೆ ಅದರಲ್ಲಿದ್ದ ಸತ್ಯವನ್ನು ಒಪ್ಪಿದ್ದು.

1971ರ ಬಾಂಗ್ಲಾ ಯುದ್ಧದ ಕಥೆ ಎಲ್ಲರಿಗೂ ಗೊತ್ತು. ಸೇನೆ ಸಿದ್ಧವಾಗಲು ಸಮಯ ಬೇಕು, ಮಳೆಗಾಲ ಕಳೆಯಲಿ ಎಂದ ಸೇನಾ ಮುಖ್ಯಸ್ಥ ಮಾಣೆಕ್ ಷಾ ಅವರನ್ನು ನಾವು ಮೆಚ್ಚುತ್ತೇವೆ. ಅದನ್ನು ಕೇಳಿಸಿಕೊಂಡು ಡಿಸೆಂಬರ್‌ವರೆಗೆ ಕಾದ ಇಂದಿರಾ ಗಾಂಧಿಯವರಿಗೂ ಅಷ್ಟೇ ಗೌರವ ಸಲ್ಲಬೇಕು.

ಈಗ ಕಷ್ಟದ ಮಾತು. ಅಧೀನ ಅಧಿಕಾರಿಯ ವಾರ್ಷಿಕ ಗೌಪ್ಯ ವರದಿಯನ್ನು ಬರೆಯುವವರು ಮೇಲಧಿಕಾರಿ. ಅಂದರೆ ಯಾರಿಗೆ ‘ಆಗುವುದಿಲ್ಲ’ ಎನ್ನಬೇಕೋ ಅವರ ಕೈಯಲ್ಲೇ ಹೇಳುವವನ ಬಡ್ತಿಯೂ ಇರುತ್ತದೆ. ಮನೆ, ಮಕ್ಕಳ ಓದು, ಮುಂದಿನ ಪೋಸ್ಟಿಂಗ್ ಎಲ್ಲವೂ ಅವನ ಕಣ್ಣೆದುರು ಬರುತ್ತವೆ. ಹಾಗೆ ಸುಮ್ಮನಾದ ಒಳ್ಳೆಯ ಅಧಿಕಾರಿಗಳನ್ನು ನಾನು ನೋಡಿದ್ದೇನೆ, ಅವರನ್ನು ದೂರಲು ಮನಸ್ಸಾಗುವುದಿಲ್ಲ. ಧೈರ್ಯವಾಗಿ ಮಾತನಾಡಿ ಎಂದು ಕಿರಿಯರಿಗೆ ಉಪದೇಶಿಸುವುದು ಸುಲಭ. ಮಾತನಾಡಿದವನಿಗೆ ಕೇಡಾಗದಂತೆ ನೋಡಿಕೊಳ್ಳುವುದು ಹಿರಿಯರ ಹೊಣೆ, ಆ ಹೊಣೆಯ ಬಗ್ಗೆ ನಾವು ಮಾತನಾಡುವುದೇ ಕಡಿಮೆ.

ಇದಕ್ಕೊಂದು ದಾರಿ ಸೇನೆಯ ನಿಯಮಗಳಲ್ಲೇ ಇದೆ. ಕೋರ್ಟ್ ಮಾರ್ಷಲ್‌ನಲ್ಲಿ, ಅಂದರೆ ಸೇನೆಯ ನ್ಯಾಯಾಲಯದಲ್ಲಿ, ತೀರ್ಪಿಗೆ ಮುನ್ನ ಸದಸ್ಯರ ಅಭಿಪ್ರಾಯ ಕೇಳುವುದು ಅತಿ ಕಿರಿಯ ಸದಸ್ಯನಿಂದ ಆರಂಭಿಸಿ. ಹಿರಿಯರು ಮೊದಲು ಬಾಯಿಬಿಟ್ಟರೆ ಉಳಿದವರು ಅದನ್ನೇ ಅನುಮೋದಿಸುತ್ತಾರೆ ಎಂಬುದು ಆ ನಿಯಮ ಬರೆದವರಿಗೆ ತಿಳಿದಿತ್ತು. ಒಬ್ಬ ಆರೋಪಿಯ ವಿಚಾರಣೆಯಲ್ಲಿ ಇಷ್ಟು ಎಚ್ಚರ ವಹಿಸುವ ನಾವು, ನೂರಾರು ಜವಾನರ ಜೀವ ಪಣಕ್ಕಿಡುವ ಸಭೆಯಲ್ಲಿ ಅದನ್ನೇ ಏಕೆ ಪಾಲಿಸಬಾರದು? ಕಮಾಂಡರ್ ತನ್ನ ಯೋಜನೆ ಹೇಳುವ ಮೊದಲು, ಆ ಗುಡ್ಡದಲ್ಲಿ ಗಸ್ತು ತಿರುಗಿ ಬಂದ ಕಿರಿಯನು ಎದ್ದು ನಿಂತು ಮಾತನಾಡಲಿ.