ಮೈಗ್ರೇನಿನ ಮಿಂಚಿಗೆ ಕನ್ನಡಕ ಮದ್ದಲ್ಲ

ತಲೆನೋವಿಗೆ ಮುಂಚೆ ಕಣ್ಣ ಮುಂದೆ ಅಂಕುಡೊಂಕು ಗೆರೆ ಮಿನುಗಿದರೆ ಕಣ್ಣಿನ ನಂಬರ್ ಬದಲಾಗಿದೆ, ಹೊಸ ಕನ್ನಡಕ ಹಾಕಿದರೆ ಮೈಗ್ರೇನ್ ಹೋಗುತ್ತದೆ ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು. ನಂಬರ್ ಸರಿಯಿಲ್ಲದೆ ತಲೆನೋವು ಬರಬಹುದು, ಅದು ಬೇರೆ ಮಾತು.

ಆ ಗೆರೆ ಹುಟ್ಟುವುದು ಕಣ್ಣಿನಲ್ಲಲ್ಲ, ಮಿದುಳಿನ ಹಿಂಭಾಗದಲ್ಲಿ. ಕಣ್ಣು ಮುಚ್ಚಿದರೂ ಕಾಣುತ್ತದೆ, ಅಲ್ವಾ? ಅಲ್ಲಿ ನರಕೋಶಗಳು ಒಮ್ಮೆಲೇ ಕೆರಳಿ, ಆಮೇಲೆ ಮಂಕಾಗುತ್ತವೆ. ಈ ಅಲೆ ನಿಧಾನವಾಗಿ ಹರಡುತ್ತದೆ. 1941ರಲ್ಲಿ ಅಮೆರಿಕದ ಮನೋವಿಜ್ಞಾನಿ ಕಾರ್ಲ್ ಲ್ಯಾಶ್ಲಿ ತಮಗೇ ಕಾಣುತ್ತಿದ್ದ ಗೆರೆಗಳನ್ನು ಬರೆದಿಟ್ಟು, ಮಿದುಳಿನಲ್ಲಿ ಆ ಅಲೆಯ ವೇಗ ನಿಮಿಷಕ್ಕೆ ಸುಮಾರು 3 ಮಿಲಿಮೀಟರ್ ಎಂದು ಲೆಕ್ಕ ಹಾಕಿದರು. ಮೊದಲು ನೋಟದ ನಡುವೆ ಸಣ್ಣ ಚುಕ್ಕೆ. ಓದುತ್ತಿದ್ದ ಸಾಲಿನ ಒಂದೆರಡು ಅಕ್ಷರ ಮಾಯ. ಇಪ್ಪತ್ತು ನಿಮಿಷದಲ್ಲಿ ಅದು ಮಿನುಗುವ ಕಮಾನಾಗಿ ಅಂಚಿಗೆ ಸರಿಯುತ್ತದೆ.

ನೋವಿಲ್ಲದ ದಿನವೂ ಮೈಗ್ರೇನ್ ಇರುವ ಹಲವರ ಮಿದುಳು ಮತ್ತೆ ಮತ್ತೆ ಕಾಣುವ ಚಿತ್ರಕ್ಕೆ ಬೇಗ ಒಗ್ಗುವುದಿಲ್ಲ. ಮಿಣುಕುವ ಟ್ಯೂಬ್‌ಲೈಟ್, ಒತ್ತೊತ್ತಾದ ಪಟ್ಟೆಯ ಬಟ್ಟೆ ಅವರಿಗೆ ನಿಜಕ್ಕೂ ಹಿಂಸೆ. ದಯವಿಟ್ಟು ಸುಮ್ನೆ ನಾಟಕ ಅನ್ನಬೇಡಿ.

ಆದರೆ ಒಂದೇ ಕಣ್ಣಿನಲ್ಲಿ ದಿಢೀರನೆ ಮಿಂಚು, ಪರದೆ ಇಳಿದಂತೆ ಕತ್ತಲು ಬಂದರೆ ಅದು ರೆಟಿನಾದ, ಅಂದರೆ ಕಣ್ಣಿನ ಹಿಂಬದಿಯ ಒಳಪದರದ, ತೊಂದರೆ ಇರಬಹುದು. ಅದೇ ದಿನ ಕಣ್ಣಿನ ಡಾಕ್ಟರ್ ಹತ್ತಿರ ಹೋಗಿ.