ಎರಡು ಕಾಲಂನ ಆ ನೋಟ್‌ಬುಕ್

2011ರ ಮಾತು. ಫಸ್ಟ್ ಪಿಯುಸಿ ಸೇರಿ ಇನ್ನೂ ಎರಡು ತಿಂಗಳು ಆಗಿರಲಿಲ್ಲ. ಮಡಿಕೇರಿಯಲ್ಲಿ ಜುಲೈ ಮಳೆ. ನಾನು ಹಾಸ್ಟೆಲ್ ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದೆ. ಫಿಸಿಕ್ಸ್‌ನ ಮೊದಲ ಟೆಸ್ಟಿನಲ್ಲಿ 25ಕ್ಕೆ 4 ಬಂದಿತ್ತು. ಎಸ್ಸೆಸ್ಸೆಲ್ಸಿಯಲ್ಲಿ ನಮ್ಮ ಸರ್ಕಾರಿ ಶಾಲೆಗೆ ಮೊದಲು ಬಂದವಳು ನಾನು. ಊರಿನವರು ಹೊದಿಸಿದ ಶಾಲು ಟ್ರಂಕಿನಲ್ಲಿ ಮಡಿಚಿದ ಹಾಗೇ ಇತ್ತು.

ಹಿಂದಿನ ದಿನ ಒಬ್ಬ ಉಪನ್ಯಾಸಕರ ಹತ್ತಿರ ಹೋಗಿ, "ಸರ್, ಏನೂ ಅರ್ಥ ಆಗ್ತಿಲ್ಲ" ಅಂದಿದ್ದೆ. "ಇದೆಲ್ಲಾ ಟೆಂತ್‌ನಲ್ಲೇ ಕಲಿತಿರಬೇಕಲ್ಲಮ್ಮಾ" ಅಂದರು. ಕಲಿತಿದ್ದೆ. ಚೆನ್ನಾಗಿಯೇ ಕಲಿತಿದ್ದೆ. ಆದರೆ ಕಲಿತದ್ದು ಕನ್ನಡದಲ್ಲಿ. ವೇಗೋತ್ಕರ್ಷ ಅಂದರೆ ಏನು ಅಂತ ನಿದ್ದೆಯಿಂದ ಎಬ್ಬಿಸಿ ಕೇಳಿದ್ದರೂ ಹೇಳುತ್ತಿದ್ದೆ. ಬೋರ್ಡಿನ ಮೇಲಿದ್ದ ಆಕ್ಸಿಲರೇಷನ್ ಅದೇ ಅಂತ ನನಗೆ ಯಾರೂ ಹೇಳಿರಲಿಲ್ಲ.

ಸೆಕೆಂಡ್ ಪಿಯುಸಿಯ ಅಕ್ಕ ಒಬ್ಬಳು ಪಕ್ಕದಲ್ಲಿ ಬಟ್ಟೆ ಹಿಂಡುತ್ತಿದ್ದಳು. "ಯಾವ ಮೀಡಿಯಂ ನೀನು?" ಅಂತ ಕೇಳಿದಳು. ಕನ್ನಡ ಅಂದೆ. "ನಾನೂ ಅದೇ. ಬಾ ಒಳಗೆ" ಅಂದಳು. ತನ್ನ ಟ್ರಂಕಿನ ತಳದಿಂದ ಒಂದು ಉದ್ದದ ನೋಟ್‌ಬುಕ್ ತೆಗೆದಳು. ಪ್ರತಿ ಪುಟದ ನಡುವೆ ಸ್ಕೇಲ್ ಇಟ್ಟು ಗೆರೆ ಎಳೆದಿದ್ದಳು. ಎಡಕ್ಕೆ ಕನ್ನಡ, ಬಲಕ್ಕೆ ಇಂಗ್ಲಿಷ್. ವೇಗೋತ್ಕರ್ಷ, ಆಕ್ಸಿಲರೇಷನ್. ಸಂವೇಗ, ಮೊಮೆಂಟಮ್. ಜಡತ್ವ, ಇನರ್ಷಿಯಾ. ವಿಭವಾಂತರ, ಪೊಟೆನ್ಷಿಯಲ್ ಡಿಫರೆನ್ಸ್. ಅಕ್ಷರಮಾಲೆಯ ಕ್ರಮವೇನೂ ಇರಲಿಲ್ಲ. ಒಂದು ವರ್ಷದ ಹಿಂದೆ ಅವಳು ಎಲ್ಲೆಲ್ಲಿ ಎಡವಿದ್ದಳೋ ಅದೇ ಕ್ರಮದಲ್ಲಿ ಬರೆದಿದ್ದಳು. ನಾನು ಎಡವಿದ ಜಾಗಗಳೂ ಹೆಚ್ಚುಕಡಿಮೆ ಅವೇ.

ಅವಳು ನನಗೆ ಪಾಠ ಮಾಡಲಿಲ್ಲ. ವಾರಕ್ಕೆ ಎರಡು ಸಲ, ಊಟ ಆದ ಮೇಲೆ ಮುಕ್ಕಾಲು ಗಂಟೆ ಪಕ್ಕದಲ್ಲಿ ಕೂರುತ್ತಿದ್ದಳು. ಪುಸ್ತಕದ ಒಂದು ಪ್ಯಾರಾ ಜೋರಾಗಿ ಓದಿಸಿ, ಅದನ್ನೇ ಕನ್ನಡದಲ್ಲಿ ಹೇಳು ಅನ್ನುತ್ತಿದ್ದಳು. ಹೇಳಿದ ಮೇಲೆ ಮತ್ತೆ ಇಂಗ್ಲಿಷಿನಲ್ಲಿ. ದಸರಾ ರಜೆಯ ಹೊತ್ತಿಗೆ ನನಗೆ ಕ್ಲಾಸಿನಲ್ಲಿ ಕಿವಿ ತೆರೆದುಕೊಂಡ ಹಾಗಾಯಿತು. ಇವತ್ತು ನಾನು ಒಂದು ಕೆಲಸದಲ್ಲಿದ್ದೇನೆ, ಮನೆಗೆ ನಾಲ್ಕು ಕಾಸು ಕಳಿಸುತ್ತೇನೆ ಅಂದರೆ ಆ ಮುಕ್ಕಾಲು ಗಂಟೆಗಳಿಂದ.

ಇದಕ್ಕೆ ಈಗ ಪಿಯರ್ ಮೆಂಟರಿಂಗ್ ಅಂತ ಹೆಸರಿದೆ, ಅಂದರೆ ಜೊತೆಯ ಮಕ್ಕಳೇ ದಾರಿ ತೋರಿಸುವುದು. ನಮಗೆ ಆಗ ಹೆಸರು ಗೊತ್ತಿರಲಿಲ್ಲ. "ಆ ಅಕ್ಕನ ಹತ್ರ ಕೇಳು" ಅನ್ನುತ್ತಿದ್ದೆವು, ಅಷ್ಟೇ.

ಇದರ ಬಗ್ಗೆ ಇಷ್ಟು ಉದ್ದ ಬರೆಯಲು ಕಾರಣ ಇದೆ. ನಮ್ಮ ಕೊಡಗಿನಲ್ಲಿ ಪ್ರತಿ ವರ್ಷ ಮಕ್ಕಳಿಗೆ ಮಾರ್ಗದರ್ಶನ ಶಿಬಿರಗಳು ನಡೆಯುತ್ತವೆ. ದೊಡ್ಡ ಹುದ್ದೆಯಲ್ಲಿ ಇರುವವರು ಬರುತ್ತಾರೆ, ಒಳ್ಳೆಯ ಮಾತು ಹೇಳುತ್ತಾರೆ. ಅವರ ಮೇಲೆ ನನಗೆ ಗೌರವ ಇದೆ. ಆದರೆ ಇಪ್ಪತ್ತೈದು ವರ್ಷ ಮುಂದೆ ನಡೆದವರಿಗೆ ದಾರಿಯ ಮೊದಲ ಕಲ್ಲು ಎಲ್ಲಿತ್ತು ಅನ್ನೋದು ಮರೆತಿರುತ್ತದೆ. ಒಂದು ವರ್ಷ ಮುಂದೆ ಇರುವ ಹುಡುಗಿಗೆ ಮರೆತಿರುವುದಿಲ್ಲ. ಅವಳ ಕಾಲ್ಬೆರಳು ಇನ್ನೂ ನೋಯುತ್ತಿರುತ್ತದೆ.

ಹಾಕಿ ಮೈದಾನದಲ್ಲಿ ನಮಗೆ ಇದು ಚೆನ್ನಾಗಿ ಗೊತ್ತು. ಕೊಡವ ಕುಟುಂಬಗಳ ಹಾಕಿ ಹಬ್ಬ 1997ರಲ್ಲಿ ಕರಡದಲ್ಲಿ ಶುರುವಾಯಿತು. ಪಾಂಡಂಡ ಕುಟ್ಟಪ್ಪನವರು ಶುರು ಮಾಡಿದ್ದು. ಅಲ್ಲಿ ಒಂದೇ ತಂಡದಲ್ಲಿ ಚಿಕ್ಕಪ್ಪ, ಅಣ್ಣ, ಸ್ಕೂಲಿಗೆ ಹೋಗುವ ಹುಡುಗ ಎಲ್ಲರೂ ಆಡುತ್ತಾರೆ. ಸ್ಟಿಕ್ ಹೇಗೆ ಹಿಡಿಯಬೇಕು ಅಂತ ಆ ಹುಡುಗನಿಗೆ ತೋರಿಸುವವನು ಮನೆಯ ಅಣ್ಣನೇ. ಕೋಚ್ ಬರಲಿ ಅಂತ ಯಾರೂ ಕಾಯುವುದಿಲ್ಲ. ತೋಟದಲ್ಲೂ ಅಷ್ಟೇ ಅಲ್ವಾ? ಕಾಫಿ ಕುಯ್ಲಿಗೆ ಹೊಸಬರು ಬಂದರೆ ಹಳಬರ ಪಕ್ಕದ ಸಾಲಿಗೆ ಬಿಡುತ್ತಾರೆ. ಹಣ್ಣು ಯಾವುದು, ಕಾಯಿ ಯಾವುದು, ಕೊಂಬೆ ಮುರಿಯದ ಹಾಗೆ ಕೈ ಹೇಗೆ ಆಡಿಸಬೇಕು, ಎಲ್ಲ ಪಕ್ಕದವರನ್ನು ನೋಡಿ ಕಲಿಯುವುದು. ಓದಿನ ವಿಷಯ ಬಂದಾಗ ಮಾತ್ರ ನಾವು ಮಗುವನ್ನು ಒಂಟಿಯಾಗಿ ಬಿಟ್ಟುಬಿಡುತ್ತೇವೆ.

ಹಳೆಯ ಶಾಲೆಗಳಲ್ಲಿ ಹೀಗಿರಲಿಲ್ಲ. 1789ರಲ್ಲಿ ಮದ್ರಾಸಿನ ಎಗ್ಮೋರ್‌ನಲ್ಲಿ ಅನಾಥ ಗಂಡುಮಕ್ಕಳ ಆಶ್ರಮದ ಹೊಣೆ ಹೊತ್ತ ಆಂಡ್ರ್ಯೂ ಬೆಲ್ ಅನ್ನುವ ಸ್ಕಾಟ್ಲೆಂಡಿನ ಪಾದ್ರಿ, ಅಲ್ಲಿನ ಜಗಲಿ ಶಾಲೆಯ ಮಕ್ಕಳು ಮರಳಿನ ಮೇಲೆ ಬೆರಳಲ್ಲಿ ಅಕ್ಷರ ತಿದ್ದುವುದನ್ನು ನೋಡಿದರು. ತಮ್ಮ ಆಶ್ರಮದಲ್ಲೂ ಅದನ್ನೇ ತಂದರು. ಸ್ವಲ್ಪ ಕಲಿತ ಹುಡುಗನಿಂದ ಚಿಕ್ಕವರಿಗೆ ಕಲಿಸಿದರು. 1797ರಲ್ಲಿ ಇಂಗ್ಲೆಂಡಿನಲ್ಲಿ ಅದರ ಬಗ್ಗೆ ಪುಸ್ತಕವೂ ಬಂತು. ಅಲ್ಲಿ ಅದಕ್ಕೆ ಮದ್ರಾಸ್ ಪದ್ಧತಿ ಅಂತಲೇ ಹೆಸರಾಯಿತು. ನಮ್ಮ ಪಕ್ಕದ ಎಚ್.ಡಿ. ಕೋಟೆಯಲ್ಲಿ 1995ರಲ್ಲಿ ಶುರುವಾದ, ಚಿಕ್ಕ ತರಗತಿಗಳ ನಲಿಕಲಿ ಪದ್ಧತಿಯಲ್ಲೂ ಇದು ಇದೆ. ಮಕ್ಕಳು ಐದು ಗುಂಪಿನಲ್ಲಿ ಕೂರುತ್ತಾರೆ. ಅದರಲ್ಲಿ ಒಂದು ಪೂರ್ತಿಯಾಗಿ ಸಹಪಾಠಿಗಳ ಬೆಂಬಲದ ಗುಂಪು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಮಕ್ಕಳು ಮಕ್ಕಳಿಗೆ ಕಲಿಸುವುದನ್ನು ಹೇಳುತ್ತದೆ. ಅಂದರೆ ಒಂದನೇ ಕ್ಲಾಸಿನ ಮಗುವಿಗೆ ನಾವು ಇದನ್ನು ಕೊಟ್ಟಿದ್ದೇವೆ. ಹದಿನಾರು ವರ್ಷಕ್ಕೆ ಊರು ಬಿಟ್ಟು, ಭಾಷೆ ಬದಲಾಯಿಸಿ, ಹಾಸ್ಟೆಲಿಗೆ ಬರುವ ಮಗುವಿಗೆ ಕೊಟ್ಟಿಲ್ಲ. ಅದಕ್ಕೇ ಜಾಸ್ತಿ ಬೇಕಿರುವುದು.

ಬೆಲ್ ಅವರ ಕಥೆಯಲ್ಲಿ ನನಗೆ ಹಿಡಿಸದ ಒಂದು ಸಂಗತಿಯೂ ಇದೆ. ಆ ಪದ್ಧತಿ ಇಂಗ್ಲೆಂಡಿನಲ್ಲಿ ಹರಡಿದ್ದಕ್ಕೆ ದೊಡ್ಡ ಕಾರಣ, ಒಬ್ಬ ಮೇಷ್ಟ್ರ ಸಂಬಳದಲ್ಲಿ ನೂರಾರು ಮಕ್ಕಳಿಗೆ ಪಾಠ ಆಗುತ್ತಿತ್ತು ಅನ್ನೋದು. ನಾನು ಹೇಳುತ್ತಿರುವುದು ಅದನ್ನಲ್ಲ. ಉಪನ್ಯಾಸಕರ ಹುದ್ದೆ ಖಾಲಿ ಇದ್ದರೆ ಭರ್ತಿ ಮಾಡಲೇಬೇಕು. ಆ ಜಾಗದಲ್ಲಿ ಸೆಕೆಂಡ್ ಪಿಯುಸಿ ಹುಡುಗಿಯನ್ನು ನಿಲ್ಲಿಸಿ ಕೈ ತೊಳೆದುಕೊಳ್ಳುವುದು ಆ ಹುಡುಗಿಗೂ ಅನ್ಯಾಯ, ಕಲಿಯುವವರಿಗೂ ಅನ್ಯಾಯ.

ಈಗ ನಾನು ತಿಂಗಳಿಗೆ ಎರಡು ಭಾನುವಾರ ಊರಿಗೆ ಬರುತ್ತೇನೆ. ಸಿದ್ದಾಪುರದ ಕಡೆ ನಮ್ಮ ಊರು. ಅಪ್ಪ ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದರು. ಪಂಚಾಯಿತಿ ಲೈಬ್ರರಿಯಲ್ಲಿ, ಅದಕ್ಕೆ ಈಗ ಅರಿವು ಕೇಂದ್ರ ಅನ್ನುತ್ತಾರೆ, ನಾವು ನಾಲ್ಕೈದು ಜನ ಸೇರಿ ಮಕ್ಕಳನ್ನು ಜೊತೆ ಮಾಡಿ ಕೂರಿಸುತ್ತೇವೆ. ಹತ್ತನೇ ಕ್ಲಾಸಿನವರಿಗೆ ಒಬ್ಬ ಪಿಯುಸಿಯವರು. ಪಿಯುಸಿಯವರಿಗೆ ಒಬ್ಬ ಡಿಗ್ರಿಯವರು. ಬರುವವರಲ್ಲಿ ಲೈನ್ ಮನೆಯ, ಅಂದರೆ ತೋಟದ ಕಾರ್ಮಿಕರ ಸಾಲುಮನೆಯ ಮಕ್ಕಳು ಜಾಸ್ತಿ. ಎರವರ, ಕುರುಬರ ಆದಿವಾಸಿ ಹಾಡಿಯ ಮಕ್ಕಳೂ ಇದ್ದಾರೆ. ಮನೆಯಲ್ಲಿ ಒಂದು ಭಾಷೆ, ರಸ್ತೆಯಲ್ಲಿ ಇನ್ನೊಂದು, ಶಾಲೆಯಲ್ಲಿ ಕನ್ನಡ, ಆಮೇಲೆ ಇಂಗ್ಲಿಷ್. ಆನೆ ಇದೆ ಅಂತ ಸುದ್ದಿ ಬಂದ ಬೆಳಿಗ್ಗೆ ಬಸ್ಸಿಗೆ ನಡೆದು ಹೋಗಲು ಆಗುವುದಿಲ್ಲ. ಮಳೆಗಾಲದಲ್ಲಿ ರಜೆಯ ಮೇಲೆ ರಜೆ. ಇದನ್ನೆಲ್ಲ ದಾಟಿ ಕಾಲೇಜಿಗೆ ಹೋದ ಒಬ್ಬಳು ಎದುರಿಗೆ ಕೂತು, "ನಂಗೂ ಹಾಗೇ ಆಗಿತ್ತು" ಅಂದರೆ ಆ ಮಗುವಿನ ಮುಖ ಬದಲಾಗುವುದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಓದಿಗಿಂತ ಜಾಸ್ತಿ ಸಮಯ ಹೋಗುವುದು ಕಾಗದಪತ್ರಕ್ಕೆ. ಇದನ್ನು ನಾನು ಮೊದಲು ಅಂದುಕೊಂಡಿರಲಿಲ್ಲ. ಸಿಇಟಿಯಲ್ಲಿ ಗ್ರಾಮೀಣ ಮೀಸಲಾತಿ ಶೇ. 15 ಇದೆ, ಕನ್ನಡ ಮಾಧ್ಯಮದವರಿಗೆ ಶೇ. 5 ಇದೆ. ಎರಡಕ್ಕೂ ಒಂದರಿಂದ ಹತ್ತನೇ ಕ್ಲಾಸಿನವರೆಗಿನ ವ್ಯಾಸಂಗ ಪ್ರಮಾಣಪತ್ರ ಬೇಕು, ಅದಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಸಹಿ ಬೇಕು. ಪ್ರೈಮರಿ ಒಂದು ಕಡೆ, ಹೈಸ್ಕೂಲ್ ಇನ್ನೊಂದು ಕಡೆ ಓದಿದ್ದರೆ ಎರಡೂ ಕಡೆ ಓಡಾಡಬೇಕು. ಕೊನೆಯ ವಾರದಲ್ಲಿ ಗೊತ್ತಾದರೆ ಏನು ಮಾಡುವುದು? ನನ್ನ ಜೊತೆ ಓದಿದ ಒಬ್ಬ ಹುಡುಗ ಇದೇ ಕಾರಣಕ್ಕೆ ಆ ಕೋಟಾ ಕಳೆದುಕೊಂಡ. ಅವನ ಅಂಕಕ್ಕೆ ಸರ್ಕಾರಿ ಸೀಟು ಸಿಗಬೇಕಿತ್ತು. ಇವತ್ತಿಗೂ ನೆನೆಸಿಕೊಂಡರೆ ನನಗೆ ಹೊಟ್ಟೆ ಉರಿಯುತ್ತದೆ.

ಸ್ಕಾಲರ್‌ಶಿಪ್ ಕೂಡ ಹಾಗೇ. ಸರ್ಕಾರದ ಸ್ಕಾಲರ್‌ಶಿಪ್ ಪೋರ್ಟಲ್ ಎಸ್‌ಎಸ್‌ಪಿಯಲ್ಲಿ ಅರ್ಜಿ ಹಾಕಿರುತ್ತಾರೆ, ದುಡ್ಡು ಬಂದಿರುವುದಿಲ್ಲ. ನೋಡಿದರೆ ಆಧಾರ್‌ನಲ್ಲಿ ಇನಿಷಿಯಲ್ ಹಿಂದೆ, ಮಾರ್ಕ್ಸ್ ಕಾರ್ಡಿನಲ್ಲಿ ಮುಂದೆ. ಇಲ್ಲಾ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯೇ ಆಗಿರುವುದಿಲ್ಲ. ಹೋದ ವರ್ಷ ಇದನ್ನು ತಾನೇ ಸರಿ ಮಾಡಿಸಿಕೊಂಡವಳು ಹತ್ತು ನಿಮಿಷದಲ್ಲಿ ಹೇಳುತ್ತಾಳೆ: ನಾಡಕಚೇರಿಗೆ ಯಾವ ದಿನ ಹೋಗಬೇಕು, ಯಾವ ಕಾಗದ ಎರಡು ಜೆರಾಕ್ಸ್ ಇಟ್ಟುಕೊಳ್ಳಬೇಕು, ಬ್ಯಾಂಕಿನಲ್ಲಿ ಏನಂತ ಕೇಳಬೇಕು. ಸಿಇಟಿಯ ಆಪ್ಷನ್ ಎಂಟ್ರಿಯಲ್ಲಿ ಕಾಲೇಜುಗಳನ್ನು ಯಾವ ಕ್ರಮದಲ್ಲಿ ಹಾಕಬೇಕು, ಸೀಟು ಹಂಚಿಕೆಯ ರಿಹರ್ಸಲ್ ಥರದ ಮಾಕ್ ಅಲಾಟ್‌ಮೆಂಟ್ ಆದ ಮೇಲೆ ಬದಲಾಯಿಸಲು ಅವಕಾಶ ಇದೆ ಅನ್ನುವುದೂ ಹೀಗೇ ಬಾಯಿಂದ ಬಾಯಿಗೆ ಬರಬೇಕು. ಪೊನ್ನಂಪೇಟೆಯಲ್ಲಿ 1995ರಿಂದ ಅರಣ್ಯ ಕಾಲೇಜು ಇದೆ. ಕಾಡಿನ ಅಂಚಿನಲ್ಲೇ ಬೆಳೆದ ನಮ್ಮ ಮಕ್ಕಳಲ್ಲಿ ಎಷ್ಟೋ ಜನಕ್ಕೆ ಅಲ್ಲಿ ಬಿಎಸ್‌ಸಿ ಫಾರೆಸ್ಟ್ರಿ ಓದಬಹುದು ಅಂತಲೇ ಗೊತ್ತಿಲ್ಲ. ಅಪ್ಪ ಅಮ್ಮ ಓದಿದ ಮನೆಯಲ್ಲಿ ಇದೆಲ್ಲ ಊಟದ ಹೊತ್ತಿನ ಮಾತು. ಲೈನ್ ಮನೆಯಲ್ಲಿ ಇದನ್ನು ಯಾರು ಮಾತಾಡುತ್ತಾರೆ?

ಯಾರನ್ನು ಮೆಂಟರ್ ಮಾಡಬೇಕು ಅನ್ನೋದರಲ್ಲಿ ನಾವು ಮೊದಲ ವರ್ಷ ತಪ್ಪು ಮಾಡಿದೆವು. ಜಾಸ್ತಿ ಅಂಕ ಬಂದವರನ್ನೇ ಹುಡುಕಿ ಕರೆದೆವು. ಒಳ್ಳೆಯ ಮಕ್ಕಳೇ. ಆದರೆ ಕೆಲವರಿಗೆ ಎದುರಿಗಿದ್ದವರಿಗೆ ಯಾಕೆ ಗೊತ್ತಾಗುತ್ತಿಲ್ಲ ಅನ್ನೋದೇ ಗೊತ್ತಾಗುತ್ತಿರಲಿಲ್ಲ. ಎರಡನೇ ವರ್ಷ ಒಬ್ಬ ಹುಡುಗ ತಾನಾಗಿಯೇ ಬಂದ. ಸೆಕೆಂಡ್ ಪಿಯುಸಿಯ ಪರೀಕ್ಷೆ-1ರಲ್ಲಿ ಗಣಿತ ಹೋಗಿತ್ತು, ಪರೀಕ್ಷೆ-2ರಲ್ಲಿ ಪಾಸ್ ಮಾಡಿಕೊಂಡಿದ್ದ. ವರ್ಷಕ್ಕೆ ಮೂರು ಪರೀಕ್ಷೆ ಅನ್ನುವ ವ್ಯವಸ್ಥೆ 2024ರಲ್ಲಿ ಬಂದಿತ್ತು. ಅದೇ ಮೇ ತಿಂಗಳಲ್ಲಿ ಎಸ್ಸೆಸ್ಸೆಲ್ಸಿ ಫೇಲಾದ ಒಬ್ಬಳು ಓದು ಬಿಟ್ಟು ಕೆಲಸಕ್ಕೆ ಹೋಗುತ್ತೇನೆ ಅಂತ ಕೂತಿದ್ದಳು. ಅವಳ ಅಮ್ಮ ಹೇಳಿದರು, ಮೇಷ್ಟ್ರು ಹೇಳಿದರು, ನಾನೂ ಹೇಳಿದೆ. ಕೇಳಲಿಲ್ಲ. ಆ ಹುಡುಗ ಫೋನಿನಲ್ಲಿ ತನ್ನ ಎರಡೂ ರಿಸಲ್ಟಿನ ಫೋಟೋ ತೋರಿಸಿದ. "ನೋಡು, ಇದರಲ್ಲಿ 19. ಇದರಲ್ಲಿ 52. ನಡುವೆ ಐದೇ ವಾರ" ಅಂದ. ಮಾರನೇ ದಿನ ಅವಳು ಮರುಪರೀಕ್ಷೆಗೆ ಫೀಸ್ ಕಟ್ಟಿದಳು. ಅವತ್ತಿನಿಂದ ನಾವು ಅಂಕಪಟ್ಟಿ ನೋಡುವುದನ್ನು ಬಿಟ್ಟಿದ್ದೇವೆ. ಒಮ್ಮೆ ಬಿದ್ದು ಎದ್ದವರನ್ನು ಕೇಳಿ ಕೇಳಿ ಕರೆಯುತ್ತೇವೆ.

ಹೇಳಿಕೊಡುವವರಿಗೂ ಇದರಲ್ಲಿ ಲಾಭ ಇದೆ. ನನಗೆ ಲಾಗ್ ಟೇಬಲ್ ನಿಜವಾಗಿ ಅರ್ಥ ಆಗಿದ್ದು ನಾನು ಸೆಕೆಂಡ್ ಪಿಯುಸಿಗೆ ಬಂದು, ಜೂನಿಯರ್ ಒಬ್ಬಳಿಗೆ ಹೇಳಿಕೊಡುವಾಗ. ಅವಳು "ಯಾಕೆ ಅಕ್ಕಾ ಹಾಗೆ?" ಅಂದಳು. ನನಗೆ ಉತ್ತರ ಗೊತ್ತಿರಲಿಲ್ಲ. ಹುಡುಕಬೇಕಾಯಿತು.

ಇನ್ನೊಂದು ವಿಷಯ ಗಂಭೀರವಾಗಿ ಹೇಳಬೇಕು. ಎರಡು ವರ್ಷ ಹಿಂದೆ ನಮ್ಮ ಒಬ್ಬ ಮೆಂಟರ್ ಹುಡುಗಿಗೆ ರಾತ್ರಿ ಹನ್ನೊಂದಕ್ಕೆ ಮೆಸೇಜ್ ಬಂತು. ಅವಳು ಹೇಳಿಕೊಡುತ್ತಿದ್ದ ಹುಡುಗನದು. "ಅಕ್ಕಾ, ನಂಗೆ ಬದುಕೋದೇ ಬೇಡ ಅನ್ಸ್ತಿದೆ. ಯಾರಿಗೂ ಹೇಳ್ಬೇಡಿ" ಅಂತ ಬರೆದಿದ್ದ. ಅವಳಿಗಿನ್ನೂ ಹದಿನೆಂಟು. ಮಾತು ಕೊಟ್ಟರೆ ಉಳಿಸಿಕೊಳ್ಳಬೇಕು ಅಂತ ನಾವೇ ಕಲಿಸಿದ್ದೆವು. ಅವಳು ನಡುಗುತ್ತಾ ನನಗೆ ಫೋನ್ ಮಾಡಿದಳು. ನಾವು ಅವನ ಮನೆಯ ಹತ್ತಿರದ ಟೀಚರ್ ಒಬ್ಬರನ್ನು ಎಬ್ಬಿಸಿದೆವು. ಅವರು ಆ ರಾತ್ರಿಯೇ ಹೋದರು. ಹುಡುಗ ಈಗ ಚೆನ್ನಾಗಿದ್ದಾನೆ. ಆಮೇಲೆ ಎಲ್ಲರನ್ನೂ ಕೂರಿಸಿ ಹೇಳಿದೆವು: ಪ್ರೀತಿಯ ವಿಷಯ, ಅಂಕದ ವಿಷಯ, ಮನೆಯ ಜಗಳ ಗುಟ್ಟಾಗಿಯೇ ಇರಲಿ. ಜೀವಕ್ಕೆ ಅಪಾಯ ಅನ್ನಿಸಿದರೆ, ಯಾರಾದರೂ ಮೈ ಮುಟ್ಟಿ ಹಿಂಸೆ ಕೊಡುತ್ತಿದ್ದಾರೆ ಅಂತ ಗೊತ್ತಾದರೆ, ಆ ಗುಟ್ಟನ್ನು ಇಟ್ಟುಕೊಳ್ಳಬೇಡಿ. ತಕ್ಷಣ ದೊಡ್ಡವರೊಬ್ಬರಿಗೆ ಹೇಳಿ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ನ 14416 ಇದೆ, ಕನ್ನಡದಲ್ಲೇ ಮಾತಾಡುತ್ತಾರೆ. ಮಕ್ಕಳ ಸಹಾಯವಾಣಿ 1098 ಇದೆ. ಈ ಎರಡು ನಂಬರ್ ಅರಿವು ಕೇಂದ್ರದ ಬಾಗಿಲ ಹಿಂದೆ ದಪ್ಪ ಅಕ್ಷರದಲ್ಲಿ ಅಂಟಿಸಿದ್ದೇವೆ. ಹದಿಹರೆಯದವರ ಆರೋಗ್ಯಕ್ಕೆ ಅಂತ 2014ರಲ್ಲಿ ಕೇಂದ್ರ ಸರ್ಕಾರ ತಂದ ಕಾರ್ಯಕ್ರಮದಲ್ಲೂ ಊರಿನ ಮಕ್ಕಳನ್ನೇ ಸಾಥಿಯಾ ಅಂತ ತಯಾರು ಮಾಡುತ್ತಾರೆ. ಮಕ್ಕಳು ಮೊದಲು ಬಾಯಿ ಬಿಡುವುದು ತಮ್ಮ ವಯಸ್ಸಿನವರ ಹತ್ತಿರ. ಅದು ನಿಜ. ಆದರೆ ಆ ಭಾರವನ್ನು ಪೂರ್ತಿ ಅವರ ಹೆಗಲ ಮೇಲೇ ಬಿಡಬಾರದು. ಹಿಂದೆ ಒಬ್ಬ ದೊಡ್ಡವರು ನಿಂತಿರಲೇಬೇಕು.

ಕಾಲೇಜುಗಳಲ್ಲಿ ಸೀನಿಯರ್ ಅಂದರೆ ಹೆದರಿಕೆ ಅನ್ನುವ ಕಾಲ ಇತ್ತು. ರ‍್ಯಾಗಿಂಗ್ ತಡೆಯಲು ಯುಜಿಸಿ 2009ರಲ್ಲಿ ನಿಯಮ ತಂದಿತು. ಅದು ಬೇಕೇ ಬೇಕು. ಆದರೆ ಸೀನಿಯರ್ ಏನು ಮಾಡಬಾರದು ಅಂತ ಹೇಳಿದಷ್ಟು ಗಟ್ಟಿಯಾಗಿ, ಏನು ಮಾಡಬಹುದು ಅಂತ ನಾವು ಹೇಳಿಕೊಟ್ಟಿಲ್ಲ. ಪ್ರಾಂಶುಪಾಲರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಬೇಡಿಕೆ. ಜೂನ್‌ನಲ್ಲಿ ಹೊಸ ಮಕ್ಕಳು ಬಂದಾಗ ಪ್ರತಿಯೊಬ್ಬರಿಗೂ ಒಬ್ಬ ಸೀನಿಯರ್ ಹೆಸರು ಕೊಡಿ. ಅದೇ ಬಸ್ ರೂಟಿನವರು, ಅದೇ ಮೀಡಿಯಂನಿಂದ ಬಂದವರು ಸಿಕ್ಕರೆ ಇನ್ನೂ ಒಳ್ಳೆಯದು. ವಾರಕ್ಕೆ ಒಂದು ಪೀರಿಯಡ್ ಬಿಟ್ಟುಕೊಡಿ. ದುಡ್ಡು ಬೇಡ, ಬ್ಯಾನರ್ ಬೇಡ.

ಆ ನೋಟ್‌ಬುಕ್ಕನ್ನು ನಾನು ಹಾಸ್ಟೆಲ್ ಬಿಡುವಾಗ ಜೂನಿಯರ್ ಒಬ್ಬಳಿಗೆ ಕೊಟ್ಟು ಬಂದೆ. ಕೊನೆಯ ಹನ್ನೆರಡು ಪುಟ ನನ್ನ ಅಕ್ಷರ. ಈಗ ಎಲ್ಲಿದೆಯೋ ಗೊತ್ತಿಲ್ಲ. ನಮ್ಮ ಭಾನುವಾರದ ಮಕ್ಕಳು ತಮ್ಮದೇ ಒಂದನ್ನು ಬರೆಯುತ್ತಿದ್ದಾರೆ. ಬಯಾಲಜಿ ಮುಗಿದಿದೆ, ಕೆಮಿಸ್ಟ್ರಿ ಅರ್ಧ ಆಗಿದೆ. ಫಿಸಿಕ್ಸಿಗೆ ಹೇಳಿಕೊಡುತ್ತಿದ್ದ ಹುಡುಗಿ ಬಿಎಸ್‌ಸಿ ಸೇರಿ ಮೈಸೂರಿಗೆ ಹೋದಳು. ಸಿದ್ದಾಪುರ, ಮಾಲ್ದಾರೆ, ಅಮ್ಮತ್ತಿ ಕಡೆಯವರು, ಕನ್ನಡ ಮೀಡಿಯಂನಲ್ಲಿ ಓದಿ ಸೈನ್ಸ್ ಮುಗಿಸಿದವರು ಯಾರಾದರೂ ಇದ್ದರೆ ಇನ್‌ಬಾಕ್ಸಿಗೆ ಬನ್ನಿ. ಭಾನುವಾರ ಹತ್ತೂವರೆಯಿಂದ ಒಂದು ಗಂಟೆಯವರೆಗೆ. ನಿಮ್ಮ ಹಳೆಯ ನೋಟ್ಸ್ ಇದ್ದರೆ ತನ್ನಿ, ಎಷ್ಟು ಗೀಚಿದ್ದರೂ ಪರವಾಗಿಲ್ಲ.