ಅವರು ಬಣ್ಣ ಹುಡುಕಿದರು, ನಾವು ಬಣ್ಣ ಬಳಿದೆವು

1972ರಲ್ಲಿ ತೆರೆಕಂಡ 'ಬಂಗಾರದ ಮನುಷ್ಯ' ಬೆಂಗಳೂರಿನ ಸ್ಟೇಟ್ಸ್ ಟಾಕೀಸಿನಲ್ಲಿ ಎರಡು ವರ್ಷ ಓಡಿತು. ನಾನೀಗ ಇರುವ ಇಂಗ್ಲೆಂಡಿನಲ್ಲಿ ಆ ಹೊತ್ತಿಗೆ ಎಷ್ಟೋ ಮನೆಗಳಿಗೆ ಬಣ್ಣದ ಟೀವಿ ಬಂದಾಗಿತ್ತು. ಇವತ್ತು ಸಂಜೆ ಬಂದ ಕಾರ್ಯಕ್ರಮ ಹೆಚ್ಚೆಂದರೆ ಇನ್ನೊಂದು ಸಲ ಬರುತ್ತಿತ್ತು, ಅಲ್ಲಿಗೆ ಅದರ ಕತೆ ಮುಗಿಯಿತು. ನಮ್ಮಲ್ಲಿ ಆಗ ಟೀವಿ ಎಲ್ಲಿತ್ತು? ಬೆಂಗಳೂರು ದೂರದರ್ಶನ ಬಂದಿದ್ದೇ 1981ರಲ್ಲಿ. ಹಾಗಾಗಿ ಎಪ್ಪತ್ತರ ದಶಕದ ಶುರುವಿನ ಮಾತು ಬಂದರೆ ಇಲ್ಲಿಯ ವಯಸ್ಸಾದವರು ಟೀವಿ ಧಾರಾವಾಹಿ ನೆನೆಸಿಕೊಳ್ಳುತ್ತಾರೆ, ನಮ್ಮವರು ಟಾಕೀಸು ನೆನೆಸಿಕೊಳ್ಳುತ್ತಾರೆ.

ಇಂಗ್ಲಿಷಿನವರು ಎಲ್ಲವನ್ನೂ ಜೋಪಾನವಾಗಿ ಎತ್ತಿಡುವ ಜನ ಅಂತ ನಮ್ಮಲ್ಲೊಂದು ನಂಬಿಕೆ ಇದೆ. ಆದರೆ ಆ ಕಾಲದ ಬಿಬಿಸಿ ಮಾಡಿದ್ದು ನೋಡಿದರೆ ಹೊಟ್ಟೆ ಉರಿಯುತ್ತದೆ. ವಿಡಿಯೋ ಟೇಪು ದುಬಾರಿ, ಕಲಾವಿದರ ಸಂಘದ ಒಪ್ಪಂದದಿಂದಾಗಿ ಮರುಪ್ರಸಾರಕ್ಕೆ ಮಿತಿ, ಮನೆಗೆ ಕೊಂಡೊಯ್ಯುವ ಕ್ಯಾಸೆಟ್ ಎಂಬುದೇ ಇಲ್ಲ. ಇನ್ನು ಇಟ್ಟುಕೊಂಡು ಏನು ಮಾಡೋದು ಅಂತ ಅಳಿಸಿ, ಅದೇ ಟೇಪಿನ ಮೇಲೆ ಬೇರೆ ಕಾರ್ಯಕ್ರಮ ತುಂಬಿಸಿದರು. 1978ರ ಸುಮಾರಿಗೆ ಬುದ್ಧಿ ಬಂತು. ಅಷ್ಟರಲ್ಲಿ 'ಟಾಪ್ ಆಫ್ ದಿ ಪಾಪ್ಸ್' ಎಂಬ ಹಾಡಿನ ಕಾರ್ಯಕ್ರಮದ ಹಳೆಯ ಕಂತುಗಳಲ್ಲಿ ಬಹುಪಾಲು ಹೋಗಿಬಿಟ್ಟಿದ್ದವು.

ನನಗೆ ಇವರ ಮೇಲೆ ಗೌರವ ಬಂದಿದ್ದು ಆಮೇಲಿನ ಕತೆ ಕೇಳಿ. ಕಳೆದದ್ದನ್ನು ಹುಡುಕುವುದೇ ಇಲ್ಲಿ ಒಂದು ಹುಚ್ಚು. 1973ರ ಜನವರಿಯಲ್ಲಿ ಇಲ್ಲಿಯ ಹೆಸರಾಂತ ರಾಕ್ ಗಾಯಕ ಡೇವಿಡ್ ಬೋವಿ 'ಟಾಪ್ ಆಫ್ ದಿ ಪಾಪ್ಸ್'ನಲ್ಲಿ ಹಾಡಿದ್ದ, ಟೇಪು ಅಳಿಸಿಹೋಗಿತ್ತು. ಆ ದಿನ ಕ್ಯಾಮೆರಾ ಹಿಡಿದಿದ್ದ ಜಾನ್ ಹೆನ್‌ಶಾಲ್ ತನ್ನ ಲೆನ್ಸಿನ ಕೆಲಸ ತೋರಿಸಲೆಂದು ಒಂದು ಪ್ರತಿ ಇಟ್ಟುಕೊಂಡಿದ್ದರು. ಅದು ಹೊರಬಂದಿದ್ದು 2011ರಲ್ಲಿ. ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟಿನವರಂತೂ ಹೀಗೆ ಸಿಕ್ಕಿದ ತುಣುಕುಗಳನ್ನು ತೋರಿಸಲೆಂದೇ 1993ರಿಂದ ಕಾರ್ಯಕ್ರಮ ನಡೆಸುತ್ತಿದ್ದಾರೆ.

ಇದಕ್ಕಿಂತ ಸೋಜಿಗದ್ದು ಬಿಬಿಸಿಯದೇ 'ಡಾಕ್ಟರ್ ಹೂ' ಎಂಬ ವೈಜ್ಞಾನಿಕ ಕಲ್ಪನೆಯ ಧಾರಾವಾಹಿಯದು. 1971ರ 'ದಿ ಮೈಂಡ್ ಆಫ್ ಈವಿಲ್' ಎಂಬ ಆರು ಕಂತಿನ ಕತೆ ಬಣ್ಣದಲ್ಲೇ ಪ್ರಸಾರವಾಗಿತ್ತು. ಬಣ್ಣದ ಟೇಪು ಅಳಿಸಿದರು. ಉಳಿದದ್ದು ಹೊರದೇಶಕ್ಕೆ ಮಾರಲು ಮಾಡಿದ್ದ ಕಪ್ಪು-ಬಿಳುಪು ಫಿಲ್ಮು. ಟೀವಿ ಪರದೆಗೆ ಫಿಲ್ಮ್ ಕ್ಯಾಮೆರಾ ಹಿಡಿದು ಅದನ್ನು ತಯಾರಿಸುತ್ತಿದ್ದರು. ಬಣ್ಣದ ಸಿಗ್ನಲ್ಲನ್ನು ಸೋಸಿ ತೆಗೆಯದೆ ಬಿಟ್ಟಿದ್ದರೆ ಅದು ಸಣ್ಣ ಚುಕ್ಕಿಗಳಾಗಿ ಚಿತ್ರದ ತುಂಬ ಮೂಡಿಬಿಡುತ್ತಿತ್ತು. ನೋಡುವವರಿಗೆ ಬರೀ ಕಿರಿಕಿರಿ. ದಶಕಗಳ ನಂತರ ಬಿಬಿಸಿಯ ಎಂಜಿನಿಯರುಗಳು ಆ ಚುಕ್ಕಿಗಳಲ್ಲೇ ಹಳೆಯ ಬಣ್ಣದ ಲೆಕ್ಕ ಅಡಗಿದೆ ಅಂತ ಕಂಡುಕೊಂಡು, ಅದನ್ನು ಬಿಡಿಸುವ ಸಾಫ್ಟ್‌ವೇರ್ ಬರೆದರು. ಐದು ಕಂತುಗಳಿಗೆ ಬಣ್ಣ ಮರಳಿದ್ದು ಹೀಗೆ. ಮೊದಲ ಕಂತಿನಲ್ಲಿ ಚುಕ್ಕಿ ಸರಿಯಾಗಿ ಸಿಗಲಿಲ್ಲ, ಅದಕ್ಕೆ ಕೈಯಿಂದಲೇ ಬಣ್ಣ ತುಂಬಿದರು. 2013ರಲ್ಲಿ ಡಿವಿಡಿ ಬಂತು.

ಮರುವರ್ಷವೇ ನಮ್ಮಲ್ಲಿ 'ಕಸ್ತೂರಿ ನಿವಾಸ' ಬಣ್ಣದಲ್ಲಿ ಬಂತು. 1971ರ ಚಿತ್ರ, ದೊರೈ-ಭಗವಾನ್ ನಿರ್ದೇಶನ, ಶುದ್ಧ ಕಪ್ಪು-ಬಿಳುಪು. ಟಾಕೀಸುಗಳಲ್ಲಿ ಜನ ಶಿಳ್ಳೆ ಹೊಡೆದು ನೋಡಿದರು, ತಪ್ಪೇನಿಲ್ಲ. ಹೊಸ ತಲೆಮಾರಿನ ಮಕ್ಕಳು ದೊಡ್ಡ ಪರದೆಯ ಮೇಲೆ ರಾಜ್‌ಕುಮಾರ್‌ರನ್ನು ನೋಡಿದ್ದೂ ಅದರಿಂದಲೇ. ಆದರೂ ನನಗೆ ಅದು ಒಗ್ಗಲಿಲ್ಲ. ಛಾಯಾಗ್ರಾಹಕ ದೀಪ ಇಡುವಾಗ ಲೆಕ್ಕ ಹಾಕಿದ್ದು ಬೂದು ಬಣ್ಣದ್ದು. ಸೀರೆ, ಗೋಡೆ, ಮುಖ ಎಲ್ಲವೂ ಆ ಬೂದಿನ ಹದಕ್ಕೆ ಕೂತಿದ್ದವು. ನಾಯಕನ ಕೋಟು ಯಾವ ಬಣ್ಣದ್ದಿತ್ತೋ ನೋಡುವವನಿಗೆ ಬೇಕಾಗಿರಲೇ ಇಲ್ಲ. ಆ ಚುಕ್ಕಿಗಳ ಹಿಂದೆ ಬಿದ್ದವರು ಹುಡುಕಿದ್ದು ಇದ್ದ ಬಣ್ಣವನ್ನು. ನಾವು ಇಲ್ಲದ್ದನ್ನು ಹಚ್ಚಿ, ಇದ್ದದ್ದು ಸಾಲದು ಅಂತ ಹೇಳಿದ ಹಾಗಾಯಿತು.

ಬಣ್ಣದ್ದೇ ಮಾತಾದರೆ, ನಿಜವಾಗಿ ಬಣ್ಣದಲ್ಲಿ ತೆಗೆದ ಆ ಕಾಲದ ಚಿತ್ರಗಳ ಗತಿ ನೋಡಿ. ಆಗಿನ ಈಸ್ಟ್‌ಮನ್ ಕಲರ್ ಪ್ರಿಂಟುಗಳು ವರ್ಷ ಕಳೆದಂತೆ ನೀಲಿ-ಹಸಿರು ಕಳೆದುಕೊಂಡು ಕೆಂಪಡರುತ್ತವೆ. ತಂಪಾದ, ಒಣ ಜಾಗದಲ್ಲಿ ಇಡದಿದ್ದರೆ ಫಿಲ್ಮು ಹುಳಿ ವಾಸನೆ ಹೊಡೆದು ಸುರುಟಿಕೊಳ್ಳುತ್ತದೆ. ಕಪ್ಪು-ಬಿಳುಪಿನ ರೀಲುಗಳನ್ನು ಅವುಗಳಲ್ಲಿರುವ ಬೆಳ್ಳಿ ತೆಗೆಯಲೆಂದು ಮಾರಿದವರೂ ಇದ್ದರು. ಯೂಟ್ಯೂಬಿನಲ್ಲಿ ಸಿಗುವ ಪ್ರತಿಗಳ ಅವಸ್ಥೆ ಬೇರೆ: ಮೂಲೆಯಲ್ಲಿ ಚಾನೆಲ್ಲಿನ ಮುದ್ರೆ, ಕೆಲವದರಲ್ಲಿ ಹಾಡೇ ಮಾಯ, ಶುರುವಿನ ಹೆಸರುಗಳಿಗೆ ಕತ್ತರಿ. ಛಾಯಾಗ್ರಾಹಕ, ಸಂಕಲನಕಾರರ ಹೆಸರು ನೋಡೋಣ ಅಂದರೆ ಸೀದಾ ಮೊದಲ ದೃಶ್ಯಕ್ಕೆ ಹಾರಿರುತ್ತದೆ.

ಅಭಿಮಾನ ನಮ್ಮಲ್ಲೇ ಜಾಸ್ತಿ, ಅನುಮಾನ ಬೇಡ. 'ನಾಗರಹಾವು' 2018ರಲ್ಲಿ ಹೊಸದಾಗಿ ತೆರೆಗೆ ಬಂದಾಗ ಮಾತುಗಳನ್ನು ಪರದೆಗಿಂತ ಮುಂಚೆ ಜನರೇ ಹೇಳಿದರು. ಅಭಿಮಾನ ಅಷ್ಟಿದ್ದರೂ ನೆಗೆಟಿವ್ ಎಲ್ಲಿದೆ, ಯಾವ ಸ್ಥಿತಿಯಲ್ಲಿದೆ ಅಂತ ಕೇಳುವವರು ಕಡಿಮೆ. ಹಾಗಂತ ನಮ್ಮ ಕೈಲಿ ಆಗದ ಕೆಲಸವೇನೂ ಅಲ್ಲ. ಗಿರೀಶ್ ಕಾಸರವಳ್ಳಿಯವರ 'ಘಟಶ್ರಾದ್ಧ' ಹಳೆಯ ಫಿಲ್ಮನ್ನು ಸರಿಪಡಿಸಿಕೊಂಡು, ಕಪ್ಪು-ಬಿಳುಪಿನಲ್ಲೇ 2024ರಲ್ಲಿ ವೆನಿಸ್ ಚಿತ್ರೋತ್ಸವ ತಲುಪಿತು. ಮುಂಬೈಯ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಅದರ ಹಿಂದಿತ್ತು. ಅದು 1977ರ ಚಿತ್ರ. ಅದಕ್ಕಿಂತ ಹಿಂದಿನವು ಇನ್ನೆಷ್ಟೋ ಸರದಿಯಲ್ಲಿವೆ.

ಬಣ್ಣ ಹಚ್ಚುವವರು ಹಚ್ಚಲಿ, ನನ್ನ ತಕರಾರು ಅಷ್ಟೊಂದಿಲ್ಲ. ಆದರೆ ಮೂಲವನ್ನೂ ಜೊತೆಗೇ ಬಿಡಲಿ. ಯಾವ ಪ್ರಿಂಟಿನಿಂದ ತೆಗೆದದ್ದು, ಎಷ್ಟು ನಿಮಿಷ ಕಡಿಮೆ ಇದೆ ಅಂತ ಶುರುವಿನಲ್ಲಿ ಎರಡು ಸಾಲು ಹಾಕಲಿ. ಹೊರನಾಡಿನಲ್ಲಿರುವ ನಾವೂ ಅಟ್ಟ ಹತ್ತಿ ನೋಡಬಹುದು. ಎಂಬತ್ತರ ದಶಕದಲ್ಲಿ ಬಂದ ವಿಎಚ್‌ಎಸ್ ಕ್ಯಾಸೆಟ್ಟಿನಲ್ಲಿ, ಈಗ ಕತ್ತರಿಸಿದ ಹಾಡು ಪೂರ್ತಿ ಇದ್ದರೂ ಇರಬಹುದು. ಎಸೆಯುವ ಮುಂಚೆ ಒಂದ್ಸಲ ಹಾಕಿ ನೋಡಿ.

ನಮ್ಮೂರಿನ ಕನ್ನಡ ಬಳಗದವರು ಈ ಸಲದ ರಾಜ್ಯೋತ್ಸವಕ್ಕೆ 'ಕಸ್ತೂರಿ ನಿವಾಸ' ಹಾಕೋಣ ಅಂತಿದ್ದಾರೆ. ಕಪ್ಪು-ಬಿಳುಪಿನದೇ ಇರಲಿ ಅಂತ ನಾನು, ಮಕ್ಕಳು ಹತ್ತು ನಿಮಿಷ ಕೂರಲ್ಲ ಅಂತ ಅವರು. ಇನ್ನೂ ತೀರ್ಮಾನ ಆಗಿಲ್ಲ.